ನಿದ್ದೆ ಹುಡುಕಿಕೊಂಡು ಹೋದದ್ದು: ಅಶ್ವಗಂಧದಿಂದ ಮಣ್ಣಿನ ಪಟ್ಟಿಯವರೆಗೆ

ಪಕ್ಕದ ಮನೆಯವರು ಬೆಳಗಿನ ಜಾವ 3.45ಕ್ಕೆ ಸಂಪಿನಿಂದ ಟ್ಯಾಂಕಿಗೆ ನೀರು ಹತ್ತಿಸಲು ಮೋಟರ್ ಹಾಕುತ್ತಾರೆ. ನಾವು ಈ ಮನೆಗೆ ಬಂದು 11 ವರ್ಷವಾಯಿತು. ನನಗೆ ಈ ವಿಷಯ ಗೊತ್ತಾಗಿದ್ದು ಕಳೆದ ಆಗಸ್ಟ್‌ನಲ್ಲಿ. ಮೋಟರ್ ಮೊದಲು ಒಂದು ಸಲ ಕೆಮ್ಮುತ್ತದೆ. ಆಮೇಲೆ ಗುಂಯ್ ಎನ್ನುತ್ತದೆ. 20 ನಿಮಿಷಕ್ಕೆ ಟ್ಯಾಂಕ್ ತುಂಬಿ ಗೋಡೆ ಮೇಲೆ ನೀರು ಸುರಿಯುತ್ತದೆ. ಮೂರು ತಿಂಗಳು ಒಂದು ದಿನವೂ ತಪ್ಪದೆ ಇದನ್ನು ಕೇಳಿದ್ದೇನೆ.

ನಾನು ಹಾಸನದವಳು. ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು 44. ಕಳೆದ ಜೂನ್‌ನಲ್ಲಿ ಅಮ್ಮ ತೀರಿಕೊಂಡರು. ತಿಥಿ, ಬ್ಯಾಂಕು, ಖಾತೆ ಬದಲಾವಣೆ ಅಂತ ಎರಡು ತಿಂಗಳು ಓಡಾಡಿದೆ. ಆಗ ಚೆನ್ನಾಗಿಯೇ ಇದ್ದೆ. "ಗಟ್ಟಿಗಿತ್ತಿ ಕಣಮ್ಮ ನೀನು" ಅಂತ ನೆಂಟರೆಲ್ಲ ಹೊಗಳಿದರು. ಓಡಾಟ ಮುಗಿಯಿತು ನೋಡಿ, ನಿದ್ದೆಯೂ ಮುಗಿಯಿತು.

ರಾತ್ರಿ 9.30ಕ್ಕೇ ಮಲಗುತ್ತಿದ್ದೆ. ಬೇಗ ಮಲಗಿದರೆ ಸ್ವಲ್ಪವಾದರೂ ನಿದ್ದೆ ಸಿಕ್ಕೀತು ಎಂಬ ಆಸೆ. 12ರವರೆಗೆ ಹೊರಳಾಟ. ಹೇಗೋ ಕಣ್ಣು ಹತ್ತಿದರೆ ಮೂರೂವರೆಗೆ ಎಚ್ಚರ, ಎದೆ ಡವಡವ. ಹಗಲು ಬೋರ್ಡಿನ ಮೇಲೆ ಲೆಕ್ಕ ಅರ್ಧ ಬರೆದು ಮುಂದೇನು ಅಂತ ಮರೆತು ನಿಂತಿದ್ದೂ ಉಂಟು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಸ್ಪತ್ರೆಗೆ ಹೋಗುವ ಯೋಚನೆ ಬರಲೇ ಇಲ್ಲ. ನಿಜ ಹೇಳಬೇಕೆಂದರೆ ಬಂತು, ನಾನೇ ತಳ್ಳಿದೆ. ನಿದ್ದೆಗೆ, ಮನಸ್ಸಿಗೆ ಮಾತ್ರೆ ಅಂದರೆ ನಮ್ಮ ಕಡೆ ಒಂದೇ ಅರ್ಥ ಅಲ್ವಾ. ಅದಕ್ಕೇ "ನ್ಯಾಚುರಲ್" ದಾರಿ ಹಿಡಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರೆ ಸಾಕು, ಹತ್ತು ತಾನಾಗಿಯೇ ಬಂದು ಬೀಳುತ್ತವೆ. ಹಾಲಿಗೆ ಜಾಯಿಕಾಯಿ ತೇದು ಕುಡಿದೆ. ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದೆ. ದಿಂಬಿನ ಪಕ್ಕ ಬ್ರಾಹ್ಮಿ ಎಲೆ ಇಟ್ಟುಕೊಂಡೆ. ಯಾವುದರಿಂದಲೂ ತೊಂದರೆ ಆಗಲಿಲ್ಲ. ಉಪಯೋಗವೂ ಆಗಲಿಲ್ಲ.

ತೊಂದರೆ ಆದದ್ದು ಅಶ್ವಗಂಧದಿಂದ. ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದರು ಅಂತ ಮೆಡಿಕಲ್ ಶಾಪಿನಲ್ಲಿ 340 ರೂಪಾಯಿಗೆ 60 ಕ್ಯಾಪ್ಸೂಲಿನ ಡಬ್ಬಿ ತಂದೆ. ಚೀಟಿ ಬೇಕಿಲ್ಲ, ಯಾರೂ ಏನೂ ಕೇಳಲಿಲ್ಲ. ದಿನಕ್ಕೆರಡು. ಮೊದಲ ವಾರ ಸ್ವಲ್ಪ ನಿದ್ದೆ ಬಂದ ಹಾಗಾಯಿತು. ಡಬ್ಬಿ ಖಾಲಿಯಾದಾಗ ಇನ್ನೊಂದು ತಂದೆ. ಏಳು ವರ್ಷದಿಂದ ಥೈರಾಯ್ಡ್‌ಗೆ ದಿನಾ ಬೆಳಿಗ್ಗೆ ಥೈರಾಕ್ಸಿನ್ 75 ಮೈಕ್ರೋಗ್ರಾಂ ನುಂಗುತ್ತಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ಹೊಳೆಯಲೇ ಇಲ್ಲ.

ಅಕ್ಟೋಬರ್‌ನಲ್ಲಿ ಹಾಸನಾಂಬೆಯ ಬಾಗಿಲು ತೆಗೆದರು. ಹೊರಗಿನವರಿಗೆ ಹೇಳುತ್ತೇನೆ, ನಮ್ಮೂರ ದೇವಿಯ ಗರ್ಭಗುಡಿ ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಸುತ್ತಮುತ್ತ ಕೆಲವೇ ದಿನ. ಹಾಗಾಗಿ ಸಾಲು ಅಂದರೆ ಸಾಲು. ಪ್ರತಿ ವರ್ಷ ಅಮ್ಮನ ಜೊತೆ ಹೋಗುತ್ತಿದ್ದೆ. ಈ ಸಲ ನಾದಿನಿ ಜೊತೆ ನಿಂತೆ. ಎರಡು ಗಂಟೆ ಕಳೆದಿತ್ತು. ಬ್ಯಾರಿಕೇಡಿನ ಮಧ್ಯೆ ಹಿಂದಕ್ಕೂ ಹೋಗುವ ಹಾಗಿಲ್ಲ, ಮುಂದಕ್ಕೂ ಹೋಗುವ ಹಾಗಿಲ್ಲ. ಇದ್ದಕ್ಕಿದ್ದ ಹಾಗೆ ಎದೆ ಹಿಂಡಿತು. ಉಸಿರು ಸಿಗಲಿಲ್ಲ. ಬೆರಳೆಲ್ಲ ಜುಂ ಎಂದವು. ಹಾರ್ಟ್ ಅಟ್ಯಾಕ್ ಅಂತಲೇ ಅಂದುಕೊಂಡೆ. ಪೊಲೀಸಿನವರು ಕಂಬಿ ಸರಿಸಿ ಆಚೆ ಬಿಟ್ಟರು. ಕ್ಯಾಶುವಾಲಿಟಿಯಲ್ಲಿ ಇಸಿಜಿ ಮಾಡಿದರು. ನಾರ್ಮಲ್. "ಗ್ಯಾಸ್ ಇರ್ಬೇಕು" ಅಂತ ಒಂದು ಮಾತ್ರೆ ಕೊಟ್ಟು ಕಳಿಸಿದರು. ಅದು ಪ್ಯಾನಿಕ್ ಅಟ್ಯಾಕ್ ಎಂದು ತಿಳಿದದ್ದು ಆಮೇಲೆ.

ಮಾರನೇ ದಿನ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಏನೇನು ತಗೋತಾ ಇದ್ದೀರಿ, ಎಲ್ಲಾ ಹೇಳಿ. ಕಷಾಯ, ಪುಡಿ, ಎಲೆ, ಎಲ್ಲಾ." ಅಶ್ವಗಂಧ ಎಂದ ಕೂಡಲೇ ಪೆನ್ನು ಕೆಳಗಿಟ್ಟರು. ಅದು ಥೈರಾಯ್ಡ್ ಹಾರ್ಮೋನನ್ನು ಹೆಚ್ಚಿಸಬಲ್ಲದಂತೆ. ಮೊದಲೇ ಮಾತ್ರೆಯಲ್ಲಿ ಹಾರ್ಮೋನು ನುಂಗುತ್ತಿರುವವರಿಗೆ ಅದರ ಮೇಲೆ ಇದು. ರಕ್ತ ಪರೀಕ್ಷೆಯಲ್ಲಿ ನನ್ನ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು, 0.2 ಬಂತು. ಕೆಳಗಿನ ಮಿತಿ 0.4ರ ಹತ್ತಿರ. ಟಿಎಸ್‌ಎಚ್ ಇಳಿದಿದೆ ಅಂದರೆ ಥೈರಾಯ್ಡ್ ಹಾರ್ಮೋನು ಜಾಸ್ತಿಯಾಗಿದೆ ಎಂದರ್ಥ. ಹಾರ್ಮೋನು ಜಾಸ್ತಿಯಾದರೆ ಎದೆ ಬಡಿತ, ಕೈ ನಡುಕ, ನಿದ್ದೆಗೇಡು. ಅಂದರೆ ಯಾವುದನ್ನು ಓಡಿಸಲು ಹೊರಟಿದ್ದೆನೋ ಅದನ್ನೇ ದುಡ್ಡು ಕೊಟ್ಟು ತಂದು ತಿನ್ನುತ್ತಿದ್ದೆ! ಅಪರೂಪಕ್ಕೆ ಕೆಲವರಲ್ಲಿ ಅಶ್ವಗಂಧದಿಂದ ಲಿವರ್‌ಗೂ ಪೆಟ್ಟು ಬಿದ್ದದ್ದಿದೆ ಎಂದು ಲಿವರ್ ಟೆಸ್ಟನ್ನೂ ಮಾಡಿಸಿದರು. ಪುಣ್ಯಕ್ಕೆ ಅದು ಸರಿಯಿತ್ತು.

ಇನ್ನೊಂದೂ ಸಿಕ್ಕಿತು. ಬಿ12 ಕೇವಲ 138. ಲ್ಯಾಬಿನ ಕಾಗದದಲ್ಲಿ ಕನಿಷ್ಠ 200ರ ಮೇಲಿರಬೇಕು ಎಂದಿತ್ತು. ನಾವು ಸಸ್ಯಾಹಾರಿಗಳು. ಸಾಲದ್ದಕ್ಕೆ ಅಮ್ಮ ಹೋದ ಮೇಲೆ ನಾನು ಹಾಲು ಮೊಸರನ್ನೂ ಸರಿಯಾಗಿ ತಿನ್ನುತ್ತಿರಲಿಲ್ಲ. ಬಿ12 ಕಡಿಮೆಯಾದರೆ ಸುಸ್ತು, ಮರೆವು, ಮಂಕು, ಎಲ್ಲಾ ಬರುತ್ತದೆ. ಪರೀಕ್ಷೆಗಳಿಗೆ ಒಟ್ಟು 2,350 ರೂಪಾಯಿ ಆಯಿತು. ಇಡೀ ಒಂಬತ್ತು ತಿಂಗಳಲ್ಲಿ ಇಷ್ಟು ಸಾರ್ಥಕವಾಗಿ ಇನ್ಯಾವುದಕ್ಕೂ ಖರ್ಚು ಮಾಡಲಿಲ್ಲ. ನೀವು ಧ್ಯಾನ, ಯೋಗ, ಮೂಲಿಕೆ ಏನೇ ಶುರು ಮಾಡಿ, ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಶುಗರ್, ವಿಟಮಿನ್ ಡಿ ನೋಡಿಸಿಬಿಡಿ. ರಕ್ತದಲ್ಲಿ ಇಲ್ಲದ್ದನ್ನು ಪ್ರಾಣಾಯಾಮ ತಂದುಕೊಡುವುದಿಲ್ಲ.

ಅಶ್ವಗಂಧ ಬಿಟ್ಟೆ, ಬಿ12 ಇಂಜೆಕ್ಷನ್ ಶುರುವಾಯಿತು. ಆದರೆ ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. "ಮನೋವೈದ್ಯರನ್ನೂ ಒಂದ್ಸಲ ನೋಡಿ ಮೇಡಂ" ಎಂದರು. ನಾನು ತಲೆಯಾಡಿಸಿ ಬಂದು ಮೂರು ವಾರ ಸುಮ್ನಿದ್ದೆ. ಮತ್ತೆ ಎರಡು ಸಲ ಎದೆ ಹಿಂಡಿದ ಮೇಲೆ ಯಜಮಾನರೇ ಅಪಾಯಿಂಟ್‌ಮೆಂಟ್ ಮಾಡಿದರು.

ಕ್ಲಿನಿಕ್ಕಿನಲ್ಲಿ ಎರಡೂವರೆ ಗಂಟೆ ಕಾದೆ. ಮುಖ ಮರೆಯಾಗಲಿ ಎಂದು ಮಾಸ್ಕ್ ಹಾಕಿಕೊಂಡಿದ್ದೆ. ಎದುರು ಕುರ್ಚಿಯಲ್ಲಿ ನಮ್ಮ ಹತ್ತನೇ ಕ್ಲಾಸಿನ ಹುಡುಗನೊಬ್ಬನ ಅಪ್ಪ ಕೂತಿದ್ದರು. ಅವರೂ ಮಾಸ್ಕ್ ಹಾಕಿದ್ದರು. ಇಬ್ಬರೂ ಅರ್ಧ ಗಂಟೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆವು. ಕೊನೆಗೆ ಅವರೇ, "ಮೇಡಂ, ನಿಮ್ಮ ಟೋಕನ್ ಎಷ್ಟು?" ಅಂದರು. "ಹದಿನೇಳು." "ನಂದು ಹದಿನೈದು. ಬೇಗ ಬಿಡ್ತಾರೆ ಬಿಡಿ, ಒಳ್ಳೇ ಡಾಕ್ಟ್ರು." ಅಷ್ಟೇ ಮಾತು. ಆದರೆ ಮನಸ್ಸು ಎಷ್ಟು ಹಗುರಾಯಿತು ಗೊತ್ತಾ.

ಫೀಸು 600. ಡಾಕ್ಟರು 40 ನಿಮಿಷ ಕೇಳಿಸಿಕೊಂಡರು. ಆತಂಕಕ್ಕೆ ಎಸಿಟಾಲೊಪ್ರಾಮ್ ಎಂಬ ಮಾತ್ರೆ, ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ರಾತ್ರಿ ನಿದ್ದೆಗೆ ಕ್ಲೋನಾಜೆಪಾಮ್ 0.25 ಮಿಲಿಗ್ರಾಂ, ಎರಡು ವಾರಕ್ಕೆ ಮಾತ್ರ. "ಇದು ಅಭ್ಯಾಸ ಆಗುತ್ತೆ, ಅದಕ್ಕೇ ಎರಡೇ ವಾರ. ಅದು ಅಭ್ಯಾಸ ಆಗಲ್ಲ, ಆದರೆ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಸುಮ್ಮನೆ ನಿಲ್ಲಿಸಬೇಡಿ, ನನ್ನನ್ನ ಕೇಳಿ ನಿಲ್ಲಿಸಿ" ಎಂದು ಎರಡೆರಡು ಸಲ ಹೇಳಿದರು. ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಖಾಸಗಿ ಕ್ಲಿನಿಕ್ಕಿಗೆ ದುಡ್ಡಿಲ್ಲ, ಅಥವಾ ಊರಿನಲ್ಲಿ ಮನೋವೈದ್ಯರೇ ಇಲ್ಲ ಎನ್ನುವವರಿಗೆ ಒಂದು ಮಾತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗಿ. ಇನ್ನು ಟೆಲಿ ಮಾನಸ್ ಇದೆ. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಕಷಾಯ, ಯೋಗ ಅಂತ ಒಂದು ದಿನವೂ ಕಾಯಬೇಡಿ. ಯಾರಿಗಾದರೂ ಹೇಳಿ, ಇಲ್ಲಾ ಆ ನಂಬರಿಗೆ ಫೋನ್ ಮಾಡಿ, ಇಲ್ಲಾ ಸೀದಾ ಆಸ್ಪತ್ರೆಗೆ ಹೋಗಿ.

ನಾಲ್ಕನೇ ವಾರಕ್ಕೆ ಎದೆ ಬಡಿತ ಇಳಿಯಿತು. ಅಷ್ಟರಲ್ಲಿ ಟಿಎಸ್‌ಎಚ್ ಕೂಡ 1.9ಕ್ಕೆ ಬಂದಿತ್ತು. ಯಾವುದರಿಂದ ಎಷ್ಟು ಗುಣವಾಯಿತು ಎಂದು ಲೆಕ್ಕದ ಟೀಚರಾಗಿಯೂ ಹೇಳಲಾರೆ. ನಿದ್ದೆ ಮಾತ್ರ ಇನ್ನೂ ಸರಿಹೋಗಿರಲಿಲ್ಲ. ದಿನಾ ಆ ಸ್ಟ್ರಿಪ್ಪನ್ನು ಅಡುಗೆ ಮನೆಯ ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟು ತಿನ್ನುವುದೂ ಒಂದು ಹಿಂಸೆಯಾಗಿತ್ತು, ಅತ್ತೆಗೆ ಗೊತ್ತಾಗಬಾರದಲ್ಲ. ಹಾಗಾಗಿ ಪ್ರಕೃತಿ ಚಿಕಿತ್ಸೆ ಕೇಂದ್ರಕ್ಕೆ ಹೋಗೋಣ ಎಂದು ತೀರ್ಮಾನಿಸಿದೆ. ಹತ್ತು ದಿನ ಇದ್ದು ಬಂದರೆ ಮಾತ್ರೆಯ ಕಾಟವೇ ಇರುವುದಿಲ್ಲ ಎಂದು ಮನಸ್ಸಿನಲ್ಲಿ ಬರೆದುಕೊಂಡುಬಿಟ್ಟಿದ್ದೆ.

ಸೇರುವುದು ಅಷ್ಟು ಸುಲಭವಿಲ್ಲ. ದಸರಾ ರಜೆಗೆ ಎರಡು ತಿಂಗಳ ಮೊದಲೇ ಬೆಡ್ ಭರ್ತಿಯಾಗುತ್ತದಂತೆ. ನನಗೆ ಡಿಸೆಂಬರ್ ಕೊನೆಗೆ ಸಿಕ್ಕಿತು. 5,000 ಮುಂಗಡ. ಆಧಾರ್, ಎರಡು ಫೋಟೋ, ತಿಂಗಳೊಳಗಿನ ರಕ್ತ ಪರೀಕ್ಷೆ, ಇಸಿಜಿ ಕೇಳಿದರು. ಕಾಯಿಲೆ, ಮಾತ್ರೆಗಳ ವಿವರ ತುಂಬುವ ನಾಲ್ಕು ಪುಟದ ಫಾರಂ ಬೇರೆ.

ಶಾಲೆಯಲ್ಲಿ ರಜೆಯದ್ದು ಇನ್ನೊಂದು ಕಥೆ. ನಮಗೆ ಗಳಿಕೆ ರಜೆ ಮೊದಲೇ ಕಮ್ಮಿ. ಪರಿವರ್ತಿತ ರಜೆ ಹಾಕಿದೆ. ಪೂರ್ತಿ ಸಂಬಳ ಬರುತ್ತದೆ, ಆದರೆ ಅರ್ಧ ವೇತನ ರಜೆಯ ಖಾತೆಯಿಂದ ಎರಡರಷ್ಟು ಕಳೆಯುತ್ತಾರೆ. 12 ದಿನಕ್ಕೆ 24 ಹೋಯಿತು. ಅದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ವಾಪಸ್ ಬರುವಾಗ ಫಿಟ್‌ನೆಸ್ ಸರ್ಟಿಫಿಕೇಟೂ ಬೇಕು, ಅದನ್ನು ಮರೆತು ಕೆಲಸಕ್ಕೆ ಹಾಜರಾಗಲು ಹೋದರೆ ಮತ್ತೆ ಓಡಾಟ. ನನ್ನ ಭಯ ಬೇರೆಯೇ ಇತ್ತು. ಸರ್ಟಿಫಿಕೇಟಿನಲ್ಲಿ "ಆತಂಕದ ಕಾಯಿಲೆ" ಎಂದು ಬರೆದರೆ? ಹೆಡ್‌ಮಾಸ್ಟರು ನೋಡುತ್ತಾರೆ, ಗುಮಾಸ್ತರು ನೋಡುತ್ತಾರೆ, ಸಂಜೆಯೊಳಗೆ ಸ್ಟಾಫ್ ರೂಮಿಗೆಲ್ಲ ಹಬ್ಬುತ್ತದೆ. ಡಾಕ್ಟರ ಹತ್ತಿರ "ಜ್ವರ ಅಂತ ಬರೆದುಕೊಡಿ" ಎಂದೆ. ಅವರು ನಕ್ಕರು. ಸುಳ್ಳು ಬರೆಯಲ್ಲ, ಆದರೆ ಎಲ್ಲಾ ಬರೆಯಲೇಬೇಕು ಅಂತಲೂ ಇಲ್ಲ ಎಂದು, "ಚಿಕಿತ್ಸೆಯಲ್ಲಿದ್ದಾರೆ, ವಿಶ್ರಾಂತಿ ಅಗತ್ಯ" ಎಂದಷ್ಟೇ ಬರೆದರು. ನಮ್ಮ ಮಾನಸಿಕ ಆರೋಗ್ಯದ ವಿವರ ಗುಟ್ಟಾಗಿರಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ ಎಂದೂ ಹೇಳಿದರು.

ಈಗ ಆ ನಾಲ್ಕು ಪುಟದ ಫಾರಂಗೆ ಬರುತ್ತೇನೆ. "ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು" ಎಂಬ ಕಡೆ ಥೈರಾಕ್ಸಿನ್ ಎಂದು ಬರೆದೆ. ಬಿ12 ಬರೆದೆ. ಪೆನ್ನು ಅಲ್ಲೇ ನಿಂತಿತು. ಕೌಂಟರಿನ ಹುಡುಗಿ, "ಅಷ್ಟೇನಾ ಆಂಟಿ?" ಎಂದಳು. "ಅಷ್ಟೇ ಕಣಮ್ಮ" ಎಂದೆ. ಥೈರಾಯ್ಡ್ ಗ್ರಂಥಿ ಕೆಟ್ಟರೆ ಹೇಳಿಕೊಳ್ಳಬಹುದು, ಮನಸ್ಸು ಕೆಟ್ಟರೆ ಹೇಳಿಕೊಳ್ಳಬಾರದು ಎಂದು ನನಗೆ ಯಾರು ಕಲಿಸಿದರೋ!

ಜಾಗ ಚೆನ್ನಾಗಿತ್ತು. ಸುತ್ತ ತೆಂಗು, ಸಪೋಟ. ಇಬ್ಬರಿರುವ ಕೋಣೆ. ಬೆಳಿಗ್ಗೆ 5ಕ್ಕೆ ಗಂಟೆ. ಮೂಗನ್ನು ನೀರಿನಿಂದ ತೊಳೆಯುವ ಜಲನೇತಿ, ಯೋಗ, ಆಮೇಲೆ ಒಂದು ಲೋಟ ಬೂದುಗುಂಬಳದ ರಸ. ಹೊಟ್ಟೆ ಮೇಲೆ, ಕಣ್ಣಿನ ಮೇಲೆ ಮಣ್ಣಿನ ಪಟ್ಟಿ. ಒದ್ದೆ ಮಣ್ಣನ್ನು ಬಟ್ಟೆಯಲ್ಲಿ ಮಡಚಿ ಇಡುತ್ತಾರೆ, ತಣ್ಣಗೆ, ಭಾರವಾಗಿ. ಮೊದಲ ಮಳೆಯ ವಾಸನೆ. ಕಣ್ಣಿನ ಮೇಲಿನ ಪಟ್ಟಿಯ ಅಡಿಯಲ್ಲಿ ನಾನು ಅತ್ತೆ. ಜೂನ್‌ನಿಂದ ಅಲ್ಲಿಯವರೆಗೆ ಸರಿಯಾಗಿ ಅತ್ತಿರಲಿಲ್ಲ. ಅಲ್ಲಿ ಯಾರಿಗೂ ಕಾಣುವುದಿಲ್ಲ ನೋಡಿ, ಮಣ್ಣಿನ ನೀರೋ ಕಣ್ಣೀರೋ ಯಾರಿಗೆ ಗೊತ್ತಾಗಬೇಕು. ಎನಿಮಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಾಡುತ್ತಾರೆ, ಸಾಯುವುದಿಲ್ಲ, ಮೊದಲ ದಿನ ನಾಚಿಕೆಯಾಗುತ್ತದೆ ಅಷ್ಟೇ. ಶಿರೋಧಾರೆಗೆ ಬೇರೆ ದುಡ್ಡು, ಒಂದು ಸಲಕ್ಕೆ 1,200. ಹಣೆಗೆ ಬೆಚ್ಚಗಿನ ಎಣ್ಣೆ ಸುರಿಯುವಾಗ ಹಾಯಾಗಿರುತ್ತದೆ. ರಾತ್ರಿಯ ನಿದ್ದೆಗೆ ಅದರಿಂದ ಏನೂ ಆಗಲಿಲ್ಲ, ನನ್ನ ಮಟ್ಟಿಗೆ ಹೇಳುತ್ತಿದ್ದೇನೆ.

ಎರಡನೇ ದಿನ ತಲೆನೋವು ಶುರುವಾಯಿತು. ಅಂಥಾ ತಲೆನೋವು ನನಗೆ ಹೆರಿಗೆಯಲ್ಲೂ ಬಂದಿರಲಿಲ್ಲ. ಜೊತೆಗಾತಿ ಮಂಡ್ಯ ಕಡೆಯವರು, ಮೂರನೇ ಸಲ ಬಂದವರು. "ವಿಷ ಆಚೆಗೆ ಹೋಗ್ತಾ ಐತೆ ಕಣಕ್ಕ, ಒಳ್ಳೇದು" ಎಂದರು. ಅಲ್ಲಿನ ಡಾಕ್ಟರಮ್ಮ ಕೇಳಿ ಒಂದೇ ಮಾತು ಅಂದರು, "ದಿನಕ್ಕೆ ಎಷ್ಟು ಕಾಫಿ?" ಐದು. ಹಾಸನದವರು ಬೇರೇನು ಕುಡಿಯಬೇಕು? ದಿಢೀರ್ ಅಂತ ಕಾಫಿ ಬಿಟ್ಟರೆ ಒಂದೆರಡು ದಿನಕ್ಕೆ ತಲೆನೋವು ಜೋರಾಗಿ, ವಾರದೊಳಗೆ ಹೋಗುತ್ತದಂತೆ. ನೀವು ಇಂಥ ಕಡೆ ಹೊರಟಿದ್ದರೆ ಎರಡು ವಾರ ಮೊದಲಿಂದಲೇ ಒಂದೊಂದೇ ಲೋಟ ಇಳಿಸಿ. ಸಂಜೆ ನಾಲ್ಕರ ಕಾಫಿಯಲ್ಲಿ ಸುಮಾರು ಅರ್ಧದಷ್ಟು ಕೆಫೀನ್ ರಾತ್ರಿ ಒಂಬತ್ತಕ್ಕೂ ಮೈಯಲ್ಲೇ ಇರುತ್ತದೆ ಎಂದೂ ಅಲ್ಲೇ ತಿಳಿಯಿತು. ಮೂರು ತಿಂಗಳು ಮೋಟರನ್ನು ಬೈದುಕೊಂಡಿದ್ದೆ, ಕಾಫಿಯನ್ನು ಅನುಮಾನಿಸಿರಲೇ ಇಲ್ಲ.

ಎಸಿಟಾಲೊಪ್ರಾಮನ್ನು ಮೊದಲ ದಿನವೇ ನಿಲ್ಲಿಸಿದ್ದೆ. ಸ್ಟ್ರಿಪ್ ಬ್ಯಾಗಿನ ತಳದಲ್ಲಿ, ಸೀರೆ ಮಡಿಕೆಯಲ್ಲಿತ್ತು. ನಾಲ್ಕನೇ ದಿನ ತಲೆ ತಿರುಗಲು ಶುರುವಾಯಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಟಿಕ್ ಎಂದು. ಹಳೆ ರೇಡಿಯೋದಲ್ಲಿ ಸ್ಟೇಷನ್ ತಪ್ಪಿದಾಗ ಬರುತ್ತದಲ್ಲ, ಆ ಥರ. ಸಿಟ್ಟು, ಅಳು, ಬೆವರು. ರಾತ್ರಿ ಕೆಟ್ಟ ಕನಸು. ಇದೂ ವಿಷ ಹೋಗುವುದೇ ಎಂದು ಜೊತೆಗಾತಿ ಹೇಳಿದರು, ನಾನೂ ನಂಬಿದೆ. ಐದನೇ ದಿನ ಬೆಳಿಗ್ಗೆ ಯೋಗದ ಹಾಲಿನಲ್ಲಿ ವೃಕ್ಷಾಸನಕ್ಕೆ ಒಂದು ಕಾಲೆತ್ತಿದವಳು ಹಾಗೇ ಪಕ್ಕದವರ ಮೇಲೆ ಬಿದ್ದೆ.

ಡಾಕ್ಟರಮ್ಮ ಬಿಪಿ ನೋಡಿದರು, ಶುಗರ್ ನೋಡಿದರು. ಮೂವತ್ತು ದಾಟಿರಲಿಕ್ಕಿಲ್ಲ, ನನ್ನ ಹಳೇ ವಿದ್ಯಾರ್ಥಿನಿಯ ವಯಸ್ಸು. ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿ ಕೇಳಿದರು, "ಮೇಡಂ, ಫಾರಂನಲ್ಲಿ ಬರೆಯದೆ ಇರೋ ಮಾತ್ರೆ ಏನಾದ್ರೂ ಇದೆಯಾ?" ನಾನು ಸುಮ್ಮನೆ ಕೂತೆ. "ಇಲ್ಲಿಗೆ ಬರೋ ಹತ್ತರಲ್ಲಿ ಮೂರು ಜನ ಬರೆಯಲ್ಲ. ನಾನೇನೂ ಅನ್ಕೊಳಲ್ಲ." ಹೇಳಿದೆ. ಸ್ಟ್ರಿಪ್ ತಂದು ತೋರಿಸಿದೆ.

ಇಲ್ಲಿ ನಾನು ಅಂದುಕೊಂಡಿದ್ದು ಉಲ್ಟಾ ಆಯಿತು. ಪ್ರಕೃತಿ ಚಿಕಿತ್ಸೆಯ ಡಾಕ್ಟರು "ಬಿಟ್ಟಿದ್ದು ಒಳ್ಳೇದಾಯ್ತು" ಅನ್ನುತ್ತಾರೆ ಎಂದಿದ್ದೆ. ಅವರು ಬೈದರು. ನನ್ನ ಮನೋವೈದ್ಯರ ನಂಬರ್ ಕೇಳಿ ನನ್ನೆದುರೇ ಫೋನ್ ಮಾಡಿದರು. ಅವರಿಬ್ಬರೂ ಮಾತಾಡಿಕೊಂಡು, ಅವತ್ತಿನಿಂದಲೇ ಮಾತ್ರೆ ಮತ್ತೆ ಶುರು, ಅಲ್ಲಿ ಮಾಡಿಸುತ್ತಿದ್ದ ಉಪವಾಸ ಬಂದ್, ಎರಡು ಹೊತ್ತು ಊಟ ಎಂದು ತೀರ್ಮಾನಿಸಿದರು. ಮೂರು ದಿನದಲ್ಲಿ ಕರೆಂಟ್ ಹೊಡೆಯುವುದು ನಿಂತಿತು. "ಮಣ್ಣಿನ ಪಟ್ಟಿಗೂ ಮಾತ್ರೆಗೂ ಜಗಳ ಇಲ್ಲ ಮೇಡಂ, ಜಗಳ ಹಚ್ಚೋರು ನಾವು" ಎಂದರು ಆ ಡಾಕ್ಟರಮ್ಮ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಯೋಗ, ಆಯುರ್ವೇದಗಳನ್ನು ಮಾಮೂಲಿ ಚಿಕಿತ್ಸೆಯ ಜೊತೆ ಕೊಡುವ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗ ಇರುವುದನ್ನು ಹೇಳಿದ್ದೂ ಅವರೇ.

ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದೆಲ್ಲ ನಿರಪಾಯಕಾರಿ ಅಲ್ಲ ಎನ್ನುವುದಕ್ಕೆ ಅವರು ಇನ್ನೊಂದು ಹೆಸರು ಬರೆದುಕೊಟ್ಟರು, ಸೇಂಟ್ ಜಾನ್ಸ್ ವೋರ್ಟ್. ವಿದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ತಂದುಕೊಡುತ್ತಾರಂತೆ, ಖಿನ್ನತೆಗೆ ಮೂಲಿಕೆ ಅಂತ. ಎಸಿಟಾಲೊಪ್ರಾಮ್‌ನಂಥ ಮಾತ್ರೆ ಜೊತೆ ಅದನ್ನು ತಿಂದರೆ ಜೀವಕ್ಕೇ ಅಪಾಯ ಆಗಬಹುದು. ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ಅದು ಕುಗ್ಗಿಸುತ್ತದೆ. ನನಗೆ ಇದು ಬೇಕಾಗಿರಲಿಲ್ಲ, ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು.

ಒಟ್ಟು ಬಿಲ್ 16,800. ಯಜಮಾನರ ಕಂಪನಿಯ ಇನ್ಶೂರೆನ್ಸ್ ಇತ್ತು, ಆಯುಷ್ ಚಿಕಿತ್ಸೆಗೂ ಅನ್ವಯ ಎಂದು ಅದರಲ್ಲೇ ಬರೆದಿತ್ತು. ಡಿಸ್ಚಾರ್ಜ್ ಸಮರಿ, ಬಿಲ್ಲು, ರಸೀದಿ, ಕ್ಯಾನ್ಸಲ್ ಮಾಡಿದ ಚೆಕ್ಕು, ಎಲ್ಲಾ ಕಳಿಸಿದೆವು. 40 ದಿನ ಸುದ್ದಿಯಿಲ್ಲ. ಆಮೇಲೆ ಬಂದ ಉತ್ತರ: ಇದು "ವಿಶ್ರಾಂತಿ ಚಿಕಿತ್ಸೆ", ಪಾಲಿಸಿಯಲ್ಲಿ ಇಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ ಕಾಯಿಲೆಯ ಹೆಸರಿನ ಜಾಗದಲ್ಲಿ "ಸಾಮಾನ್ಯ ಆರೋಗ್ಯ ಸುಧಾರಣೆ" ಎಂದಿತ್ತು. ಇರದೇ ಇನ್ನೇನು, ಫಾರಂನಲ್ಲಿ ನಾನು ಕಾಯಿಲೆಯನ್ನೇ ಬರೆದಿರಲಿಲ್ಲವಲ್ಲ! ನನ್ನ ಸಂಕೋಚದ ಬೆಲೆ 16,800 ರೂಪಾಯಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು ಆ 2017ರ ಕಾಯ್ದೆಯಲ್ಲಿದೆ. ಆದರೆ ಕಾಗದದಲ್ಲಿ ಕಾಯಿಲೆ ಇರಬೇಕು. ಸೇರುವ ಮೊದಲೇ ವಿಮೆಯವರಿಗೆ ಫೋನ್ ಮಾಡಿ ಆ ಕೇಂದ್ರ ಅವರ ಲೆಕ್ಕಕ್ಕೆ ಬರುತ್ತದಾ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಜನವರಿಯಲ್ಲಿ ವಾಪಸ್ ಬಂದಾಗ ಮೈ ಹಗುರ, ಕಾಫಿ ಒಂದು ಲೋಟಕ್ಕೆ ಇಳಿದಿತ್ತು. ನಿದ್ದೆ ಮಾತ್ರ ಅಲ್ಲೇ ಇತ್ತು, ಅಂದರೆ ಇರಲಿಲ್ಲ. ಮನೋವೈದ್ಯರು ಈ ಸಲ ಮಾತ್ರೆ ಹೆಚ್ಚಿಸುವ ಬದಲು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಆರು ಸೆಷನ್, ತಲಾ 900. ಆಕೆ ಕೊಟ್ಟದ್ದು ಒಂದು ನೋಟ್‌ಬುಕ್ ಕೆಲಸ. ದಿನಾ ಬೆಳಿಗ್ಗೆ ಬರೆಯಬೇಕು: ಎಷ್ಟು ಹೊತ್ತಿಗೆ ಮಲಗಿದೆ, ಸುಮಾರು ಎಷ್ಟು ಹೊತ್ತು ನಿದ್ದೆ ಬಂತು, ಎಷ್ಟಕ್ಕೆ ಎದ್ದೆ. ಒಂದು ವಾರದ ಸರಾಸರಿ ನಾನೇ ತೆಗೆದೆ. ಹಾಸಿಗೆಯಲ್ಲಿ 9.5 ಗಂಟೆ, ನಿದ್ದೆ 5 ಗಂಟೆ. ಶೇಕಡಾ 52.6. ನಮ್ಮ ಶಾಲೆಯಲ್ಲಿ ಇದಕ್ಕೆ ಸೆಕೆಂಡ್ ಕ್ಲಾಸ್. ನಿದ್ದೆಯ ಲೆಕ್ಕದಲ್ಲಿ ಫೇಲು.

ಔಷಧಿ ಏನು ಗೊತ್ತಾ? ಮಲಗುವುದನ್ನು ಕಡಿಮೆ ಮಾಡುವುದು. ರಾತ್ರಿ 11.30ಕ್ಕೆ ಮೊದಲು ಹಾಸಿಗೆ ಮುಟ್ಟಬಾರದು. ಬೆಳಿಗ್ಗೆ 5ಕ್ಕೆ ಏಳಲೇಬೇಕು, ಭಾನುವಾರವೂ. ಮಧ್ಯೆ ಎಚ್ಚರವಾಗಿ 20 ನಿಮಿಷ ಆಯಿತು ಅನ್ನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ ಕೂರಬೇಕು, ನಿದ್ದೆ ತೂಗಿದಾಗ ಮಾತ್ರ ವಾಪಸ್. ಗಡಿಯಾರ ನೋಡುವ ಹಾಗಿಲ್ಲ. ಮೊದಲೇ ನಿದ್ದೆಗೆಟ್ಟವಳಿಗೆ ಇದೆಂಥಾ ಶಿಕ್ಷೆ ಅನ್ನಿಸಿತು. ಮೊದಲ ಹತ್ತು ದಿನ ನರಕ. ರಾತ್ರಿ ಹತ್ತಕ್ಕೆ ಕಣ್ಣು ಎಳೆಯುತ್ತದೆ, ಮಲಗುವ ಹಾಗಿಲ್ಲ. ಅವರೆಕಾಯಿ ಕಾಲ. ದಿನಾ ರಾತ್ರಿ ಕೂತು ಕಾಯಿ ಬಿಡಿಸಿ, ನೆನೆಸಿ, ಹಿಚುಕಿ ಇಡುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಮೂರನೇ ರಾತ್ರಿ ಅವರಾಗಿಯೇ, "ಮೆಂತ್ಯದ ಡಬ್ಬಿಲಿ ಇರೋ ಮಾತ್ರೆ ತಗೊಂಡ್ಯಾ?" ಎಂದರು. ನವೆಂಬರ್‌ನಿಂದಲೇ ಗೊತ್ತಿತ್ತಂತೆ. ಮೆಂತ್ಯ ಹುರಿಯೋರು ನಾವೇ ಅಲ್ವಾ ಎಂದರು. ಅವರ ಮಾವ ತೀರಿಕೊಂಡಾಗ ಅವರ ಅತ್ತೆ ಎರಡು ವರ್ಷ ಮಲಗಲಿಲ್ಲವಂತೆ, ಆ ಕಥೆ ಹೇಳಿದರು.

ಈ ಅವಧಿಯಲ್ಲಿ ಗಾಡಿ ಓಡಿಸಬೇಡಿ ಎಂದು ಸೈಕಾಲಜಿಸ್ಟ್ ಹೇಳಿದ್ದರು. ತೂಕಡಿಕೆ ಬಂದರೆ ಕಷ್ಟ. ಸ್ಕೂಟಿ ಬಿಟ್ಟು ಬಸ್ಸಿನಲ್ಲಿ ಹೋದೆ. ಫಿಟ್ಸ್ ಇರುವವರು, ಮೂಡ್ ವಿಪರೀತ ಏರಿಳಿಯುವ ಕಾಯಿಲೆ ಇರುವವರು ಇದನ್ನು ಓದಿಕೊಂಡು ತಾವಾಗಿಯೇ ಮಾಡಬಾರದು, ನಿದ್ದೆ ಕಡಿಮೆಯಾದರೆ ಅವರಿಗೆ ಅಪಾಯ ಎಂದೂ ಹೇಳಿದರು.

ಎರಡನೇ ವಾರದ ಸರಾಸರಿ: ಐದೂವರೆ ಗಂಟೆಯಲ್ಲಿ ಐದು ಗಂಟೆ ನಿದ್ದೆ. ಶೇಕಡಾ 91. ನೋಟ್‌ಬುಕ್ಕಿನಲ್ಲಿ ಎರಡು ಸಲ ಕೂಡಿಸಿ ನೋಡಿದೆ. ಶೇಕಡಾ 85 ದಾಟಿದ ವಾರ 15 ನಿಮಿಷ ಸೇರಿಸಬಹುದು. 11.15. ಆಮೇಲೆ 11. ಹೀಗೆ ಕಾಲು ಗಂಟೆ, ಕಾಲು ಗಂಟೆ.

5ಕ್ಕೆ ಎದ್ದು ಮಾಡುವುದೇನು? ನಡೆಯುವುದು. ಬೆಳಕು ಹರಿಯುವ ಹೊತ್ತಿಗೆ ಮಹಾರಾಜ ಪಾರ್ಕಿನಲ್ಲಿ ಅರ್ಧ ಗಂಟೆ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷಕ್ಕೆ ಸರಿಯಾಯಿತು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆಗೆ ಸಮಯ ಗೊತ್ತಾಗುತ್ತದೆ. ವಾಪಸ್ ಬಂದು ಐದು ನಿಮಿಷ ಭ್ರಾಮರಿ, ಅದನ್ನು ಕೇಂದ್ರದಲ್ಲಿ ಕಲಿತದ್ದು. ಕಿವಿ ಮುಚ್ಚಿಕೊಂಡು ದುಂಬಿ ಥರ ಹೂಂಕರಿಸುವುದು. ಎದೆ ಹಿಂಡಲು ಶುರುವಾದಾಗ ಈಗಲೂ ಅದನ್ನೇ ಮಾಡುತ್ತೇನೆ, ಉಸಿರು ಬಿಡುವುದು ಉದ್ದವಾಗುತ್ತದೆ, ಬಡಿತ ಇಳಿಯುತ್ತದೆ. ಶಾಲೆಯಲ್ಲಾದರೆ ಕಿವಿ ಮುಚ್ಚುವುದಿಲ್ಲ, ಸುಮ್ನೆ ಗುನುಗುತ್ತೇನೆ.

ಮಾತ್ರೆ ಇನ್ನೂ ನಡೆಯುತ್ತಿದೆ, 10 ಮಿಲಿಗ್ರಾಂ. ನವೆಂಬರ್ ಆಗಲಿ, ಆಮೇಲೆ ಸ್ವಲ್ಪಸ್ವಲ್ಪವೇ ಇಳಿಸೋಣ ಎಂದಿದ್ದಾರೆ. ಸ್ಟ್ರಿಪ್ ಈಗ ಫ್ರಿಜ್ಜಿನ ಮೇಲೆ, ಅತ್ತೆಯ ಬಿಪಿ ಮಾತ್ರೆ ಪಕ್ಕದಲ್ಲಿದೆ. ಈ ಏಪ್ರಿಲ್‌ನಲ್ಲಿ ಮೌಲ್ಯಮಾಪನಕ್ಕೆ ಹೋಗಿ ಎಲ್ಲರಷ್ಟೇ ಉತ್ತರ ಪತ್ರಿಕೆ ತಿದ್ದಿ ಬಂದೆ. ಅಮ್ಮನ ಕಾಫಿ ಫಿಲ್ಟರ್ ನನ್ನ ಹತ್ತಿರ ಇದೆ, ಬೆಳಿಗ್ಗೆಯ ಒಂದು ಲೋಟ ಅದರಲ್ಲೇ.

ಮೊನ್ನೆ ಪಕ್ಕದ ಮನೆಯವರು ಬಕೆಟ್ ಹಿಡಿದು ಬಂದರು. ನೀರು ಬೇಕಿತ್ತಂತೆ. "ಮೋಟರ್ ಸುಟ್ಟು ನಾಲ್ಕು ದಿನ ಆಯ್ತಲ್ಲ ಮೇಡಂ, ನಿಮಗೆ ಗೊತ್ತೇ ಇರ್ಬೇಕು" ಎಂದರು. ನನಗೆ ಗೊತ್ತೇ ಇರಲಿಲ್ಲ.